ಚಿತ್ತವಾಡ್ಗಿಯ ರಾಯಭಾರ ಕಚೇರಿ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆಧಾರ್ ಕಾರ್ಡು, ಪಹಣಿ, ಜಾತಿ ಪ್ರಮಾಣಪತ್ರ, ಆಗಬೇಕಾದ ಮದುವೆಗಳ ಜಾತಕ, ಮುರಿದ ಮದುವೆಗಳ ನೋಟೀಸು, ಎಲ್ಲವೂ ನನ್ನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋಗಿವೆ. ಹೀಗಾಗಿ ಊರಿನ ಸಂಗತಿ ಹೊನ್ನೂರಸ್ವಾಮಿಯಾದ ನನಗೆ ಗೊತ್ತಿರುವಷ್ಟು ಪೊಲೀಸರಿಗೂ ಗೊತ್ತಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಹೇಳುವುದನ್ನು ನೀವು ನಂಬುವುದಿಲ್ಲ ಎಂಬ ಅನುಮಾನದಿಂದ ಮೊದಲೇ ಹೇಳಿಟ್ಟೆ. ಅದರ ಒಂದೊಂದು ಕಾಗದವೂ ನನ್ನ ಯಂತ್ರದಲ್ಲಿ ಹಾದು ಹೋಗಿದೆ. ಒಂದರಲ್ಲಂತೂ ಸಾಕ್ಷಿ ಎಂದು ನನ್ನದೇ ಹೆಸರಿದೆ.

ಅಂಗಡಿಯ ಎದುರಿಗೆ ಗೋಪೀನಾಥರಾಯರ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ನಾಲ್ಕು ಹೆಜ್ಜೆ ಅಂಗಳ, ಅಂಗಳದಲ್ಲಿ ತುಳಸಿಕಟ್ಟೆ, ಮೇಲೆ ತಾರಸಿ. ರಾಯರು ಜಿಲ್ಲೆಯ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಹಂಪಿ ನೋಡಲು ಬರುವ ಗಣ್ಯರಿಗೆ ಕಾರು, ಗೈಡು, ಹಾರ, ಎಳನೀರು ಒದಗಿಸುವುದು ಅವರ ಶಾಖೆಯ ಕೆಲಸ. ಸರ್ಕಾರ ಅದಕ್ಕೆ ಶಿಷ್ಟಾಚಾರ ಶಾಖೆ ಎಂದು ಹೆಸರಿಟ್ಟಿತ್ತು. ರಾಯರು ಅದನ್ನು ವಿದೇಶಾಂಗ ವ್ಯವಹಾರ ಎಂದು ಕರೆಯುತ್ತಿದ್ದರು. ಯಾವ ಕಾಲದಲ್ಲೋ ಯುರೋಪಿನ ಯಾವನೋ ರಾಯಭಾರಿಗೆ ಕಮಲ ಮಹಲಿನ ಮುಂದೆ ಎಳನೀರಿಗೆ ಸ್ಟ್ರಾ ಹಾಕಿ ಕೊಟ್ಟಿದ್ದರಂತೆ. ಅವತ್ತಿನಿಂದ ಅವರ ಬಾಯಲ್ಲಿ 'ನಾವು' ಎಂದರೆ ಭಾರತ.

ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು, ನಾನು ದುಡ್ಡು ಕೊಟ್ಟು ತರಿಸಿದ ಪೇಪರನ್ನು ನನಗಿಂತ ಮೊದಲು ಬಿಡಿಸಿ, ವಿದೇಶದ ಸುದ್ದಿ ಓದಿ, 'ನಾವು ಅವರಿಗೆ ಸ್ಪಷ್ಟವಾಗಿ ಹೇಳಿಬಿಟ್ಟೀವಿ' ಎನ್ನುತ್ತಿದ್ದರು. ಅಷ್ಟರಲ್ಲಿ ಎದುರಿನ ಬಾಗಿಲಿಂದ ಅವರ ಹೆಂಡತಿ ಗಂಗಾಬಾಯಿಯವರು ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ಕೂಗುತ್ತಿದ್ದರು. ರಾಯರು ಪೇಪರಿನಿಂದ ತಲೆ ಎತ್ತದೆ, 'ವಿಷಯ ನಮ್ಮ ಗಮನದಲ್ಲಿದೆ' ಎನ್ನುತ್ತಿದ್ದರು. ನಲ್ಲಿ ಮೂರು ತಿಂಗಳು ಅವರ ಗಮನದಲ್ಲೇ ಸೋರಿತು.

ಇಂಥ ರಾಯರ ಕೈಗೆ ಒಂದು ದಿನ ನಿಮಲೋವಾ ಸಿಕ್ಕಿತು.

ನಿಮಲೋವಾ ಒಂದು ದ್ವೀಪರಾಷ್ಟ್ರ. ಅಲ್ಲಿಯ ಮಂತ್ರಿ ಟೆರೇಸಾ ಮಲೂವಾ ಎಂಬ ಹೆಣ್ಣುಮಗಳು ದಿಲ್ಲಿಯಲ್ಲಿ ಮಾತುಕತೆ ಮುಗಿಸಿ ಹಂಪಿ ನೋಡಲು ಬರುತ್ತಾಳೆಂದು ಕಾಗದ ಬಂದಿತ್ತು. ನಾವಿಬ್ಬರೂ ನನ್ನ ಅಂಗಡಿಯ ಗೋಡೆಯ ಭೂಪಟದಲ್ಲಿ ಆ ದೇಶವನ್ನು ಹುಡುಕಿದೆವು. ಮಹಾಸಾಗರದ ನಡುವೆ ಒಂದು ಚುಕ್ಕಿ ಸಿಕ್ಕಿತು. ರಾಯರು ಸಂತೋಷದಿಂದ ಬೆರಳಿಟ್ಟು ಒರೆಸಿದರು, ಚುಕ್ಕಿ ಬೆರಳಿಗೆ ಬಂತು. ಅದು ನೊಣದ್ದು. ಜನಸಂಖ್ಯೆ ಹನ್ನೊಂದು ಸಾವಿರವಂತೆ. ಅಷ್ಟು ಜನ ನಮ್ಮಲ್ಲಿ ಸೋಮವಾರದ ದಿನ ಬಸ್‌ಸ್ಟ್ಯಾಂಡಿನಲ್ಲೇ ಸಿಗುತ್ತಾರೆ ಎಂದೆ.

ರಾಯರು ನನ್ನ ಅಜ್ಞಾನಕ್ಕೆ ಮರುಗಿ ವಿವರಿಸಿದರು. ಯಾವುದೋ ಅಂತರರಾಷ್ಟ್ರೀಯ ಮಂಡಳಿಗೆ ಭಾರತ ಚುನಾವಣೆಗೆ ನಿಂತಿದೆ. ಅಲ್ಲಿ ನೂರ ನಲವತ್ತು ಕೋಟಿ ಜನರಿಗೂ ಒಂದೇ ವೋಟು, ಹನ್ನೊಂದು ಸಾವಿರ ಜನರಿಗೂ ಒಂದೇ ವೋಟು. ಇನ್ನೊಂದು ದೊಡ್ಡ ದೇಶ ಆ ದ್ವೀಪಕ್ಕೆ ಕ್ರೀಡಾಂಗಣ ಕಟ್ಟಿಸಿ ಕೊಡುತ್ತೇನೆಂದು ಬೆನ್ನು ಬಿದ್ದಿದೆ. ದ್ವೀಪದ ಬಾವಿಗಳೆಲ್ಲ ಉಪ್ಪಾಗಿರುವುದರಿಂದ, ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಕೊಡುವುದಾಗಿ ದಿಲ್ಲಿ ಮಾತು ಕೊಟ್ಟಿದೆ. ಇನ್ನು ಉಳಿದದ್ದು ಹಂಪಿಯಲ್ಲಿ ಆಯಮ್ಮನನ್ನು ಖುಷಿಪಡಿಸುವುದು. ಅಂದರೆ ದೇಶದ ಭವಿಷ್ಯ ಈಗ ರಾಯರ ಎಳನೀರಿನ ಮೇಲೆ ನಿಂತಿತ್ತು.

ಮಂತ್ರಿಣಿ ಬಂದದ್ದು ಒಂದು ಶುಕ್ರವಾರ. ಅರವತ್ತರ ಆಸುಪಾಸಿನ, ದಪ್ಪಗಿನ, ಮಾತಿಗೊಮ್ಮೆ ನಗುವ ಹೆಂಗಸು. ಹೂವಿನ ಚಿತ್ರದ ಅಂಗಿ, ಕಿವಿಯ ಸಂದಿಯಲ್ಲಿ ನಿಜವಾದ ಹೂವು, ಜೊತೆಗೆ ನೋಟ್‌ಬುಕ್ ಹಿಡಿದ ಒಬ್ಬ ಕಾರ್ಯದರ್ಶಿ. ಹಂಪಿ ಚೆನ್ನಾಗಿಯೇ ಆಯಿತು. ಊರಿಗೆ ಬಂದು ಅತಿಥಿಗೃಹದಲ್ಲಿ ಕೈಕಾಲು ತೊಳೆದುಕೊಂಡು ಹೊರಡಬೇಕೆಂದರೆ ನಲ್ಲಿಯಲ್ಲಿ ನೀರಿಲ್ಲ. ಮೋಟಾರು ಸುಟ್ಟು ನಾಲ್ಕು ದಿನವಾಗಿತ್ತು, ಅದೂ ಯಾರದೋ ಗಮನದಲ್ಲಿತ್ತು. ಸಮುದ್ರವನ್ನೇ ಸಿಹಿ ಮಾಡಿಕೊಡುತ್ತೇವೆಂದ ದೇಶದ ಬಚ್ಚಲಲ್ಲಿ ಮಂತ್ರಿಣಿ ಖಾಲಿ ಬಕೆಟ್ ಹಿಡಿದು ನಿಂತಿದ್ದಳು. ರಾಯರು ಗಾಬರಿಯಿಂದ ಕಾರನ್ನು ಸೀದಾ ತಮ್ಮ ಮನೆಗೆ ತಿರುಗಿಸಿದರು.

ಕಾರ್ಯಕ್ರಮ ಪಟ್ಟಿಯ ಬಣ್ಣದ ಪ್ರತಿಗಳನ್ನು ಕೊಡುವ ನೆಪದಲ್ಲಿ ನಾನೂ ಒಳಗೆ ನುಗ್ಗಿದೆ. ಪಕ್ಕದ ಮನೆಯ ಜಂಬವ್ವ ಯಾವ ನೆಪವೂ ಇಲ್ಲದೆ ನುಗ್ಗಿದಳು. ಗಂಗಾಬಾಯಿಯವರು ಯಾರು ಏನು ಎಂದು ಕೇಳದೆ ಡ್ರಮ್ಮಿನಿಂದ ನೀರು ತೋಡಿ ಕೊಟ್ಟರು, ಚಾಪೆ ಹಾಸಿ ಕೂರಿಸಿದರು, ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟರು. ಮಂತ್ರಿಣಿ ಎರಡು ತಟ್ಟೆ ತಿಂದು ಮೂರನೆಯದಕ್ಕೆ ಕೈ ಚಾಚಿದಳು.

ಅಷ್ಟಕ್ಕೇ ಮುಗಿದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಶುಕ್ರವಾರ ಮನೆಗೆ ಬಂದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದು ಗಂಗಾಬಾಯಿಯವರಿಂದ ಆಗದ ಕೆಲಸ. ಅಂಗಿಗೆ ಸೆರಗಿಲ್ಲವೆಂದು ತಮ್ಮದೇ ಒಂದು ಸೀರೆ ತಂದು ಹೆಗಲ ಮೇಲಿಂದ ಹೊದಿಸಿ, ಕುಂಕುಮ ಹಚ್ಚಿ, ಅಕ್ಕಿ, ಉತ್ತತ್ತಿ, ಅರಿಶಿನದ ಬೇರು, ಕುಬಸದ ಕಣ, ಒಂದು ತೆಂಗಿನಕಾಯಿ, ಎಲ್ಲ ಹಾಕಿ ಉಡಿ ತುಂಬಿದರು. ಮಂತ್ರಿಣಿ ನಗು ನಿಲ್ಲಿಸಿ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಇದರ ಅರ್ಥವೇನು ಎಂದು ಕೇಳಿದಳು.

ನಮ್ಮಲ್ಲಿ ಇದೊಂದು ಪದ್ಧತಿ ಎಂದು ರಾಯರು ಹೇಳಬಹುದಿತ್ತು. ಹೇಳಲಿಲ್ಲ. ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಇಂಗ್ಲಿಷಿನಲ್ಲಿ ಭಾಷಣವನ್ನೇ ಮಾಡಿದರು. ತಾವು ಈ ಮನೆಯ ಮಗಳಾದಿರಿ, ಈ ಮನೆ ಇನ್ನು ತಮ್ಮದು, ಇದಕ್ಕೆ ಈ ಮನೆಯವರೂ ನೆರೆಯವರೂ ಸಾಕ್ಷಿ, ಇದನ್ನು ಯಾವ ಸರ್ಕಾರವೂ ಇಲ್ಲವೆನ್ನುವಂತಿಲ್ಲ, ಎಂದರು. ಕಾರ್ಯದರ್ಶಿ ಒಂದಕ್ಷರ ಬಿಡದೆ ಬರೆದುಕೊಂಡು ನನ್ನ ಹೆಸರನ್ನೂ ಜಂಬವ್ವನ ಹೆಸರನ್ನೂ ಕೇಳಿದ. ದೊಡ್ಡವರು ಹೆಸರು ಕೇಳಿದರೆಂದು ನಾವಿಬ್ಬರೂ ತಂದೆಯ ಹೆಸರಿನ ಸಮೇತ ಹೇಳಿದೆವು.

ಆ ದ್ವೀಪದ ಪದ್ಧತಿ ನಮಗೇನು ಗೊತ್ತು? ಅಲ್ಲಿ ಹೊಲ ಮನೆ ಎಲ್ಲ ಹೆಂಗಸರಿಂದ ಹೆಂಗಸರಿಗೆ ಹೋಗುತ್ತವಂತೆ. ನೋಂದಣಿ ಕಚೇರಿ ಇಲ್ಲ, ಸ್ಟಾಂಪ್ ಪೇಪರಿಲ್ಲ. ಮನೆಯ ಹಿರಿಯ ಹೆಂಗಸು ಚಾಪೆಯ ಮೇಲೆ ಕೂರಿಸಿ, ಇಬ್ಬರು ಸಾಕ್ಷಿಗಳ ಮುಂದೆ ಮಡಿಲಿಗೆ ತೆಂಗಿನಕಾಯಿ ಇಟ್ಟು, ಇದು ನಿನ್ನ ಮನೆ ಎಂದರೆ ಮುಗಿಯಿತು. ನಮ್ಮ ಕ್ರಯಪತ್ರಕ್ಕಿಂತ ಅದು ಗಟ್ಟಿ.

ಎರಡು ತಿಂಗಳಿಗೆ ಒಂದು ಪಾರ್ಸೆಲ್ ಬಂತು. ಒಳಗೆ ನೀಲಿ ಬಣ್ಣದ ಒಂದು ಬಾವುಟ, ಒಂದು ಹಿತ್ತಾಳೆ ಫಲಕ, ನನ್ನನ್ನೂ ಜಂಬವ್ವನನ್ನೂ ಸಾಕ್ಷಿ ಎಂದು ಹೆಸರಿಸಿದ ಒಂದು ಕಾಗದ. ನನಗೆ ಸಿಕ್ಕ ಮನೆಯ ವಿಷಯ ನಮ್ಮ ಸಭೆಯಲ್ಲಿ ಹೇಳಿದೆ, ಜನ ಸಂತೋಷಪಟ್ಟರು, ಭಾರತದಲ್ಲಿ ನಮಗಿರುವ ಮನೆ ಇದೊಂದೇ, ನಮ್ಮ ಬಾವುಟ ಅಲ್ಲಿರಲಿ, ಎಂದು ಮಂತ್ರಿಣಿ ಬರೆದಿದ್ದಳು. ಬಾವುಟವನ್ನು ಮಡಿಸಿ ಪೆಟ್ಟಿಗೆಯಲ್ಲಿಡುವುದು ಬುದ್ಧಿವಂತರ ಕೆಲಸ. ರಾಯರು ತಾರಸಿಯ ಮೇಲೆ ಡಿಶ್ ಆಂಟೆನಾದ ಪಕ್ಕ ಬಿದಿರು ನೆಟ್ಟು ಅದನ್ನು ಹಾರಿಸಿದರು. ಹಿತ್ತಾಳೆ ಫಲಕ ಚಿಕ್ಕದಾಯಿತೆಂದು ನನ್ನ ಅಂಗಡಿಯಲ್ಲೇ 'ನಿಮಲೋವಾ ರಾಯಭಾರ ಕಚೇರಿ' ಎಂದು ಆರು ಅಡಿಯ ಫ್ಲೆಕ್ಸ್ ಮಾಡಿಸಿ ಗೇಟಿಗೆ ಕಟ್ಟಿದರು. ಅದೂ ಸಾಲದೆ, ದೇಶಕ್ಕೆ ತಾವು ಮಾಡಿದ ಸೇವೆಯ ವರದಿ ಬರೆದು, ಫೋಟೋ ಅಂಟಿಸಿ, ಮೂರು ಪ್ರತಿ ದಿಲ್ಲಿಗೆ ಕಳಿಸಿದರು. ಝೆರಾಕ್ಸ್ ಮಾಡಿದವನು ನಾನು. ಪಾಪದಲ್ಲಿ ನನಗೂ ಪಾಲಿದೆ.

ಮರುದಿನದಿಂದ ಚಿತ್ತವಾಡ್ಗಿಯ ಜನ ರಾಯರನ್ನು ನೋಡುವ ನೋಟವೇ ಬದಲಾಯಿತು. ಯಶವಂತನಗರದಲ್ಲಿ ಅದಿರು ಲಾರಿ ಇಟ್ಟಿರುವ ಮಾರೇಶ್ ಸ್ವೀಟ್ ಬಾಕ್ಸ್ ಹಿಡಿದು ಬಂದ. ರಾಯಭಾರ ಕಚೇರಿಯ ಕಾಂಪೌಂಡಿನೊಳಗೆ ನಮ್ಮ ಪೊಲೀಸರು ಕಾಲಿಡುವಂತಿಲ್ಲ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು. ಹೆಚ್ಚು ಅದಿರು ತುಂಬಿದ ಲಾರಿಗಳನ್ನು ಅಂಗಳದಲ್ಲಿ ನಿಲ್ಲಿಸಬಹುದೇ ಎಂದು ಕೇಳಿದ. ನಾಲ್ಕು ಹೆಜ್ಜೆ ಅಂಗಳದಲ್ಲಿ ಹದಿನಾಲ್ಕು ಗಾಲಿಯ ಲಾರಿ ಎಲ್ಲಿ ಹಿಡಿಯಬೇಕು ಎಂದರೆ ಮಾರೇಶ್ ಯೋಚಿಸಿ ಹೇಳಿದ:

"ಮೂತಿ ಒಂದರ ಒಳಗ ಇರ್ಲಿ ಸಾರ್. ಅವ್ರು ಹಿಡಿಯೂದು ಇಂಜಿನ್ ನಂಬರ್ ನೋಡಿ."

ಜಂಬವ್ವನದು ಬೇರೆ ಚಿಂತೆ. ಹತ್ತು ವರ್ಷದಿಂದ ಅವಳ ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ ರಾಯರ ಗೋಡೆಯ ಮೊಳೆಗೆ ಕಟ್ಟಿತ್ತು. ಇನ್ನು ಮೇಲೆ ಆ ತುದಿಯ ಸೀರೆ ತೆಗೆಯಲು ಪಾಸ್‌ಪೋರ್ಟ್ ಬೇಕೇ ಎಂದು ಗಾಬರಿಯಾಗಿ ಕೇಳಿದಳು. ರಾಯರು ಗಂಭೀರವಾಗಿ, ಗಡಿ ಭಾಗದ ಜನರಿಗೆ ವಿನಾಯಿತಿ ಇರುತ್ತದೆ ಎಂದರು. ಮನೆ ಕಂದಾಯದವನು ಬಂದು ಫ್ಲೆಕ್ಸ್ ಓದಿ, ವಿದೇಶಕ್ಕೆ ಕಂದಾಯ ಹಾಕುವ ಕಾಲಂ ತನ್ನ ಯಂತ್ರದಲ್ಲಿ ಇಲ್ಲವೆಂದು ವಾಪಸು ಹೋದ. ಕಾವಲಿಗೆಂದು ಒಬ್ಬ ಪೊಲೀಸ್ ಪೇದೆ ಬಂದು ನನ್ನ ಅಂಗಡಿಯ ಕುರ್ಚಿಯಲ್ಲಿ ಕೂತು ನನ್ನ ಲೆಕ್ಕದಲ್ಲಿ ಚಹಾ ಕುಡಿಯತೊಡಗಿದ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕಂಪ್ಲಿಯಿಂದ. ರಾಯರ ದೊಡ್ಡಪ್ಪನ ಮಗ ಸುಮಧ್ವಾಚಾರ್ಯರು ಅಲ್ಲಿಂದ ಬಂದು ಪ್ರತಿವರ್ಷ ರಾಯರ ತಂದೆಯ ಶ್ರಾದ್ಧ ಮಾಡಿಸುತ್ತಿದ್ದರು. ಈ ಸಲ ಆಟೋ ಇಳಿದವರು ತಾರಸಿಯ ಬಾವುಟ ನೋಡಿ ರಸ್ತೆಯ ಈಚೆಗೇ, ನನ್ನ ಅಂಗಡಿಯ ಮುಂದೆ ನಿಂತುಬಿಟ್ಟರು. ಬಾವುಟ ಹಾರಿದ ಮೇಲೆ ಆ ಮನೆ ನಿಮಲೋವಾದ ನೆಲ. ನಿಮಲೋವಾ ಸಮುದ್ರದ ಆಚೆ ಇದೆ. ಆದ್ದರಿಂದ ಆ ಹೊಸ್ತಿಲು ದಾಟುವುದೂ ಸಮುದ್ರ ದಾಟುವುದೂ ಒಂದೇ, ದಾಟಿದವರಿಗೆ ಪ್ರಾಯಶ್ಚಿತ್ತ ತಪ್ಪದು, ಎಂದು ಅಲ್ಲಿಂದಲೇ ನಿರ್ಣಯ ಕೊಟ್ಟರು. ಆಮೇಲೆ ಅವರ ಮುಖ ಬಿಳಿಚಿತು. ಹೋದ ಬುಧವಾರ, ಬಾವುಟ ಏರಿದ ದಿನವೇ, ಅದೇ ಮನೆಯಲ್ಲಿ ಅವರು ಕಾಫಿ ಕುಡಿದಿದ್ದರು.

"ಗೋಪೀ, ಬಾವುಟ ಏರಿಸಿದ್ದು ಎಷ್ಟು ಗಂಟೆಗೆ? ಸರಿಯಾಗಿ ನೆನಪು ಮಾಡ್ಕೊ," ಎಂದು ರಸ್ತೆ ಕೇಳುವಂತೆ ಕೂಗಿದರು. ರಾಯರು ಹನ್ನೊಂದಕ್ಕೆ ಎಂದರು. ಆಚಾರ್ಯರು ಕಣ್ಣು ಮುಚ್ಚಿ ತಾವು ಕಾಫಿ ಕುಡಿದದ್ದು ಹತ್ತೂವರೆಗೆ ಎಂದು ನಿಶ್ಚಯಿಸಿಕೊಂಡು ಉಸಿರುಬಿಟ್ಟರು. ಸಂಜೀವಿನಿಯಂತೆ ಅವರನ್ನು ಉಳಿಸಿದ್ದು ಆ ಅರ್ಧ ಗಂಟೆ. ಕೊನೆಗೆ ಗಂಗಾಬಾಯಿಯವರು ರಂಗೋಲಿ ಡಬ್ಬಿ ತಂದು ಅಂಗಳದ ನಡುವೆ ಒಂದು ಗೆರೆ ಎಳೆದು, ತುಳಸಿಕಟ್ಟೆಯ ಕಡೆಗಿರುವುದು ಭಾರತ, ಬೇಕಿದ್ದರೆ ಅಲ್ಲಿ ಶ್ರಾದ್ಧ ಮಾಡಿಸಿ, ಎಂದರು. ಅಡುಗೆಮನೆ ಗೆರೆಯ ಆಚೆ ಉಳಿಯಿತು. ಪರದೇಶದಲ್ಲಿ ಬೆಂದ ಅನ್ನದ ವಿಷಯ ಶಾಸ್ತ್ರದಲ್ಲಿ ಸ್ಪಷ್ಟ ನಿಷೇಧವಿಲ್ಲವೆಂದು ಆಚಾರ್ಯರು ಹಸಿದ ಹೊಟ್ಟೆಯಲ್ಲೇ ಬೇಗನೆ ಒಪ್ಪಿಕೊಂಡರು.

ಇಷ್ಟರವರೆಗೆ ನಾವೆಲ್ಲ ನಕ್ಕೆವು. ಆಮೇಲೆ ದಿಲ್ಲಿಯಿಂದ ಸಾಹೇಬರು ಬಂದರು.

ಸರ್ಕಾರದ ಅನುಮತಿಯಿಲ್ಲದೆ ರಾಯಭಾರ ಕಚೇರಿ ತೆರೆದದ್ದಕ್ಕೆ ರಾಯರ ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಬೈಗುಳಕ್ಕೆ ಬದಲಾಗಿ ಬಂದದ್ದು ಶಾಲು. ಸಾಹೇಬರ ಜೊತೆ ಜಿಲ್ಲೆಯ ಅಧಿಕಾರಿಗಳು, ಫೋಟೋದವರು, ಹಣ್ಣಿನ ಬುಟ್ಟಿ. ಸಾಹೇಬರು ಹಿಂದಿಯಲ್ಲಿ ಹೇಳಿದ್ದನ್ನು ಒಬ್ಬ ಅಧಿಕಾರಿ ಕನ್ನಡಕ್ಕೆ ತಿರುಗಿಸಿದ. ಎರಡು ದೇಶಗಳ ಸ್ನೇಹಕ್ಕಾಗಿ ಸ್ವಂತ ಮನೆಯನ್ನು ಕೊಟ್ಟ ಗೋಪೀನಾಥರಾಯರ ತ್ಯಾಗಕ್ಕೆ ಸರ್ಕಾರ ಋಣಿಯಾಗಿದೆ, ಇದು ನಾಳೆ ಪತ್ರಿಕೆಗಳಲ್ಲಿ ಬರುತ್ತದೆ, ಇಲ್ಲೊಂದು ದಾನಪತ್ರವಿದೆ, ಸಹಿ ಹಾಕಿ, ಎಂದು.

ರಾಯರ ನಗು ಮುಖದ ಮೇಲೆ ಹಾಗೇ ನಿಂತಿತು. ಮಾತಿಗೆ ಕೊಟ್ಟ ಮನೆ ಬೇರೆ, ಪತ್ರಕ್ಕೆ ಕೊಟ್ಟ ಮನೆ ಬೇರೆ ಎಂದು ಹೇಳಲು ಅವರ ಇಂಗ್ಲಿಷಿಗೆ ಆಗಲಿಲ್ಲ. ನಾವು ಎಲ್ಲಿರಬೇಕು ಸರ್ ಎಂದು ಸಣ್ಣ ದನಿಯಲ್ಲಿ ಕೇಳಿದರು. ಅವತ್ತು ಮೊದಲ ಸಲ ಅವರ ಬಾಯಲ್ಲಿ 'ನಾವು' ಎಂದರೆ ಗಂಡ, ಹೆಂಡತಿ, ಮಗಳು ಮೇಧಾ, ಮೂರು ಜನ.

ಸಾಹೇಬರು ಅವರ ಬೆನ್ನು ತಟ್ಟಿ ಹೇಳಿದರು, "ಆ ವಿಷಯ ನಮ್ಮ ಗಮನದಲ್ಲಿದೆ."

ಆ ಮಾತಿನ ಅರ್ಥ ರಾಯರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಆದರೂ ಶಾಲು ಹೆಗಲ ಮೇಲಿತ್ತು, ಕ್ಯಾಮೆರಾಗಳು ಎದುರಿಗಿದ್ದವು, ಮೇಲಧಿಕಾರಿ ಪೆನ್ನು ಬಿಚ್ಚಿ ಹಿಡಿದಿದ್ದ. ಸಹಿ ಹಾಕಿದರು. ಹಾಕಿ, ಪ್ರತಿ ತೆಗೆಸಲು ನನ್ನ ಅಂಗಡಿಗೆ ಬಂದು ಕುರ್ಚಿಯ ಮೇಲೆ ಕುಸಿದರು. "ಹೊನ್ನೂರಸ್ವಾಮಿ, ಮನಿ ಹೋತು. ಆಕಿಗೆ ಏನಂತ ಹೇಳ್ಲಿ," ಎಂದರು. ಅಷ್ಟು ದಿನ ಅವರನ್ನು ಹಾಸ್ಯ ಮಾಡಿದ ನಾನು ಅವರಿಗೆ ಕುಡಿಯಲು ನೀರು ಕೊಟ್ಟೆ. ಆ ಮನೆಯ ಒಂದೊಂದು ಇಟ್ಟಿಗೆ ಹೇಗೆ ಬಂತೆಂದು ಈ ಓಣಿಯಲ್ಲಿ ನನಗೆ ಗೊತ್ತು. ಗಂಗಾಬಾಯಿಯವರು ಹಪ್ಪಳ ಸಂಡಿಗೆ ಮಾಡಿ ಮಾರಿ ಆ ತಾರಸಿ ಹಾಕಿಸಿದ್ದರು.

ಆಮೇಲೆ ಕೆಲಸಕ್ಕೆ ಕೈ ಹಾಕಿದೆ. ದಾನಪತ್ರದ ಜೊತೆಗೆ ಲಗತ್ತಿಸಲು ಮನೆಯ ಖಾತೆ ಉತಾರವನ್ನೂ ತಂದಿದ್ದರು. ಅದನ್ನು ಗಾಜಿನ ಮೇಲಿಟ್ಟು, ಅಭ್ಯಾಸದಂತೆ ಒಮ್ಮೆ ಓದಿದೆ. ಮಾಲೀಕರ ಹೆಸರಿದ್ದ ಕಡೆ 'ಗಂಗಾಬಾಯಿ ಕೋಂ ಗೋಪೀನಾಥ' ಎಂದಿತ್ತು. ರಾಯರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಸರ್ಕಾರಿ ನೌಕರರು ತಮ್ಮ ಹೆಸರಲ್ಲಿ ಆಸ್ತಿ ಮಾಡಿದರೆ ಕಚೇರಿಗೆ ನೂರೆಂಟು ಲೆಕ್ಕ ಒಪ್ಪಿಸಬೇಕೆಂದು ಹೆದರಿ, ಜಾಗವನ್ನು ಹೆಂಡತಿಯ ಹೆಸರಿಗೆ ಬರೆಸಿದ್ದರಂತೆ. ವಿದೇಶಾಂಗ ವ್ಯವಹಾರದ ಭರದಲ್ಲಿ ಅದು ಮರೆತೇಹೋಗಿತ್ತು. ದಿಲ್ಲಿಯಿಂದ ಹೊಸಪೇಟೆಯವರೆಗೆ ಒಬ್ಬನೂ ಮನೆ ಯಾರದು ಎಂದು ಕೇಳಿರಲಿಲ್ಲ. ಸರಿಯಾಗಿ ವಿಚಾರಿಸಿದವರೆಂದರೆ ಆ ದ್ವೀಪದವರು ಮಾತ್ರ. ಅವರು ಮನೆಯ ಹೆಂಗಸಿನ ಕೈಯಿಂದ ತೆಂಗಿನಕಾಯಿ ತೆಗೆದುಕೊಂಡಿದ್ದರು.

ಸುದ್ದಿ ಪತ್ರಿಕೆಗಳಲ್ಲಿ ಬಂದು, ಫೋಟೋ ಅಚ್ಚಾದ ಮೇಲೆ, ನೋಂದಣಿ ಕಚೇರಿಯಲ್ಲಿ ಹೆಸರಿನ ತಕರಾರು ಹೊರಬಿತ್ತು. ಸಾಹೇಬರು ಗಾಬರಿಯಲ್ಲಿ ಮತ್ತೆ ಬಂದರು. ಚುನಾವಣೆಗೆ ಹದಿನೈದು ದಿನ ಉಳಿದಿತ್ತು. ಈ ಸಲ ಶಾಲು ಗಂಗಾಬಾಯಿಯವರಿಗೆ. ಅವರು ಶಾಲನ್ನು ಮಡಿಸಿ ಪಕ್ಕಕ್ಕಿಟ್ಟು, ಎಲ್ಲರಿಗೂ ಕಾಫಿ ಕೊಟ್ಟು, ರಾಯರ ಕಡೆ ಒಮ್ಮೆಯೂ ನೋಡದೆ ಹೇಳಿದರು:

"ಉಡಿ ತುಂಬಿದಾಕಿ ನಾನು. ಮಗಳು ಅಂತ ಅಂದದ್ದೂ ಖರೆ. ಆಕಿಗೆ ಮನಿ ಬೇಕಾದ್ರ ಆಕಿ ನನ್ನ ಕೇಳ್ಲಿ. ನಡುವ ನೀವ್ಯಾರ್ರೀ?"

ಅಧಿಕಾರಿ ಇದನ್ನು ಹಿಂದಿಗೆ ತಿರುಗಿಸುವಾಗ ಕೊನೆಯ ವಾಕ್ಯವನ್ನು ನುಂಗಿಬಿಟ್ಟ. ಗಂಗಾಬಾಯಿಯವರು ಅಷ್ಟಕ್ಕೇ ಬಿಡದೆ, ಆ ಮಗಳಿಗೆ ಈಗಲೇ ಫೋನು ಹಚ್ಚು ಎಂದು ಮೇಧಾಳಿಗೆ ಹೇಳಿದರು. ಮೇಧಾ ಸಂಡೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಬಾವುಟದ ಜೊತೆ ಬಂದ ಕಾಗದದಲ್ಲಿ ನಂಬರ್ ಇತ್ತು. ಎರಡನೆಯ ಸಲಕ್ಕೆ ಮಂತ್ರಿಣಿ ಫೋನಿನ ಪರದೆಯ ಮೇಲೆ ಕಾಣಿಸಿಕೊಂಡಳು. ಗಾಳಿಗೆ ಕೂದಲು ಹಾರುತ್ತಿತ್ತು, ಹಿಂದೆ ಮಳೆನೀರು ಹಿಡಿಯಲು ಇಟ್ಟ ಡ್ರಮ್ಮುಗಳ ಸಾಲು. ಗಂಗಾಬಾಯಿಯವರನ್ನು ಕಂಡದ್ದೇ ಅಮ್ಮಾ ಎಂದು ಕೈ ಬೀಸಿದಳು. ಗಂಗಾಬಾಯಿಯವರು ಮೊದಲು ಊಟವಾಯಿತೇ ಎಂದು ಕೇಳಿ, ಆಮೇಲೆ, ಮನೆ ಬೇಕೆಂದೆಯಂತೆ ಹೌದೇ, ಎಂದರು. ಆಕೆ ಹೇಳಿದ್ದನ್ನು ಮೇಧಾ ಒಂದೊಂದಾಗಿ ಕನ್ನಡದಲ್ಲಿ ಹೇಳಿದಳು.

"ನಾ ಮನಿ ಕೇಳಿಲ್ಲಂತಮ್ಮ. ನನಗೂ ಅಲ್ಲೊಂದು ತೌರುಮನಿ ಅದ ಅಂತ ಹೇಳಿದ್ದಿಷ್ಟಂತ. ಮನಿ ಕೊಟ್ಟ ತಾಯಿನ್ನ ಹೊರಗ ಹಾಕೂ ಪದ್ಧತಿ ಅವ್ರಲ್ಲಿ ಇಲ್ಲಂತ. ಆದ್ರ ದಿಲ್ಲಿಯಿಂದ ಕಾಗದ ಬಂದದಂತ. ಮನಿ ಕೊಟ್ಟಾಯ್ತು, ಅದಕ್ಕ ನೀರಿ‌ನ ಮಶೀನು ಈಗ ಆಗೂದಿಲ್ಲ ಅಂತ."

ಒಳಗೆ ಕುಕ್ಕರ್ ಸಿಳ್ಳೆ ಹೊಡೆಯಿತು, ಯಾರೂ ಏಳಲಿಲ್ಲ. ಈಗ ಎಲ್ಲರಿಗೂ ಅರ್ಥವಾಯಿತು. ದೊಡ್ಡ ದೇಶ ಸಣ್ಣ ದೇಶಕ್ಕೆ ಕೊಡಬೇಕಾದ ಯಂತ್ರವನ್ನು ಉಳಿಸಿಕೊಂಡು, ಅದರ ಬದಲಿಗೆ ಒಬ್ಬ ಸೂಪರಿಂಟೆಂಡೆಂಟನ ಮನೆಯನ್ನು ಕೊಟ್ಟು ಉದಾರಿಯಾಗಿತ್ತು. ಅಲ್ಲಿ ಹನ್ನೊಂದು ಸಾವಿರ ಜನಕ್ಕೆ ಕುಡಿಯುವ ನೀರಿಲ್ಲ, ಇಲ್ಲಿ ಮೂರು ಜನಕ್ಕೆ ಇರಲು ಮನೆಯಿಲ್ಲ, ನಡುವೆ ಸ್ನೇಹ ಮಾತ್ರ ಗಟ್ಟಿಯಾಗಿತ್ತು. ಕನ್ನಡ ಬಾರದ ಸಾಹೇಬರು ಇಂಗ್ಲಿಷಿನಲ್ಲಿ ಮಂತ್ರಿಣಿ ಹೇಳಿದ್ದನ್ನು ನೇರವಾಗಿಯೇ ಕೇಳಿಸಿಕೊಂಡಿದ್ದರು. ಅವರು ತುಳಸಿಗಿಡದ ಎಲೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ವಾರಕ್ಕೊಮ್ಮೆ ನೀರು ಬರುವ ಓಣಿಯ ನಲ್ಲಿಗೆ ಮೂವತ್ತು ವರ್ಷ ಕೊಡ ಇಟ್ಟು ಕಾದ ಹೆಂಗಸು ಗಂಗಾಬಾಯಿ. ಅವರ ಮುಖ ಕೆಂಪಾಯಿತು. ನಿಮ್ಮ ವೋಟು ಯಾವಾಗ ಎಂದು ಸಾಹೇಬರನ್ನು ಕೇಳಿ ತಿಳಿದುಕೊಂಡು, ಫೋನಿನ ಕಡೆ ತಿರುಗಿ, "ಅವ್ವಾ, ನೀರು ಕಣ್ಣೀಲೆ ನೋಡೂ ತನಕ ವೋಟು ಹಾಕಬ್ಯಾಡ. ನಾನೂ ಸಹಿ ಹಾಕೂದಿಲ್ಲ," ಎಂದರು. ಇದನ್ನು ಇಂಗ್ಲಿಷಿನಲ್ಲಿ ಹೇಳುವುದೋ ಬೇಡವೋ ಎಂದು ಮೇಧಾ ತಂದೆಯ ಮುಖ ನೋಡಿದಳು. ರಾಯರು ರಾಜತಾಂತ್ರಿಕ ಇತಿಹಾಸದಲ್ಲೇ ಮೊದಲ ಬಾರಿಗೆ ಸ್ಪಷ್ಟವಾಗಿ ತಲೆಯಾಡಿಸಿದರು. ಅವಳು ಹೇಳಿದಳು. ಮಂತ್ರಿಣಿ ಡ್ರಮ್ಮುಗಳು ಅದುರುವಂತೆ ನಕ್ಕಳು. ನಮ್ಮ ಸಭೆಯಲ್ಲೂ ನಿನ್ನೆ ಇದನ್ನೇ ನಿರ್ಧರಿಸಿದೆವು ಎಂದಳು.

ಅದಾದ ಮೇಲೆ ನಾನು ಕಂಡ ವೈಭವವನ್ನು ಹೇಗೆ ಹೇಳಲಿ? ಈಗ ಆಗುವುದಿಲ್ಲ ಎನ್ನಿಸಿಕೊಂಡಿದ್ದ ಯಂತ್ರ, ಹಡಗಿನಲ್ಲಿ ಹೋದರೆ ತಡವಾಗುತ್ತದೆಂದು, ನಾಲ್ಕೇ ದಿನದಲ್ಲಿ ವಿಮಾನ ಹತ್ತಿತು. ಚುನಾವಣೆಯ ಹಿಂದಿನ ದಿನ ಮಂತ್ರಿಣಿ ಒಂದು ಲೋಟ ನೀರು ಕುಡಿಯುವ ವಿಡಿಯೋ ಬಂತು. ವೋಟೂ ಬಿತ್ತು. ದಿಲ್ಲಿ ಗೆದ್ದಿತು. ರಾಯರ ದಾನಪತ್ರವನ್ನು ಹರಿದು ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಮನೆ ಉಳಿಯಿತು.

ಆದರೆ ಕಡತ ಮುಗಿಯಬೇಕಲ್ಲ. ಯಾರೂ ಯಾರಿಗೂ ಯಾವ ಮನೆಯನ್ನೂ ಕೊಟ್ಟಿಲ್ಲ, ಎಲ್ಲರೂ ಸಂತೋಷವಾಗಿದ್ದಾರೆ, ಎಂಬ ಒಂದು ಪುಟದ ಹೇಳಿಕೆಗೆ ಗಂಗಾಬಾಯಿಯವರ ಸಹಿ ಬೇಕೆಂದು ಸಾಹೇಬರು ಕಳಿಸಿದರು. ಸಹಿ ಹಾಕಿದರೆ ಯಾರಿಗೂ ನಷ್ಟವಿಲ್ಲ. ಹಾಕುವವರೆಗೆ ಮಾತ್ರ ಚಿತ್ತವಾಡ್ಗಿಯ ಆ ಮನೆ ಭಾರತದ್ದೂ ಅಲ್ಲ, ನಿಮಲೋವಾದ್ದೂ ಅಲ್ಲ. ಅಧಿಕಾರಿಗಳು ಹತ್ತು ದಿನಕ್ಕೊಮ್ಮೆ ಪೆನ್ನು ಹಿಡಿದು ಬರುತ್ತಾರೆ. ಬರಿಗೈಯಲ್ಲಿ ಬರುವುದು ಚೆನ್ನಾಗಿ ಕಾಣುವುದಿಲ್ಲವೆಂದು ಬರುವಾಗ ಏನಾದರೂ ಮಾಡಿಕೊಂಡು ಬರುತ್ತಾರೆ. ಮೊದಲ ಸಲಕ್ಕೆ ಓಣಿಯ ಚರಂಡಿ ಮುಚ್ಚಿತು. ಎರಡನೆಯದಕ್ಕೆ ಬೀದಿದೀಪ ಹತ್ತಿದವು. ಮೂರನೆಯದಕ್ಕೆ ನಲ್ಲಿಯಲ್ಲಿ ದಿನಾ ನೀರು ಬರತೊಡಗಿ ಜಂಬವ್ವ ಕೊಡ ಹಿಡಿದು ಅತ್ತಳು. ಗಂಗಾಬಾಯಿಯವರು ಪ್ರತಿಸಲ ಕಾಗದವನ್ನು ಗೌರವದಿಂದ ತೆಗೆದುಕೊಂಡು, ಇವತ್ತು ಅಮಾವಾಸ್ಯೆ ಎನ್ನುತ್ತಾರೆ, ಇಲ್ಲ ಕನ್ನಡಕ ಸಿಗುತ್ತಿಲ್ಲ ಎನ್ನುತ್ತಾರೆ, ಎರಡೂ ಆಗದಿದ್ದರೆ ಮಗಳನ್ನು ಒಂದು ಮಾತು ಕೇಳಬೇಕು ಎನ್ನುತ್ತಾರೆ. ಬಂದವರು ಕಾಫಿ ಕುಡಿದು ಹೋಗುತ್ತಾರೆ.

ಮೊನ್ನೆ ನಾನು ಆ ಕಾಗದದ ಒಂಬತ್ತನೆಯ ಪ್ರತಿ ಕೊಡಲು ಹೋದಾಗ ರಾಯರು ಅಂಗಳದಲ್ಲಿ ಕೂತಿದ್ದರು. ಓಣಿಗೆ ಡಾಂಬರು ಹಾಕುವ ಗಾಡಿ ಬಂದು ನಿಂತಿತ್ತು. ಮೂವತ್ತು ವರ್ಷ ಪ್ರಪಂಚದ ದೇಶಗಳಿಗೆಲ್ಲ ಸಲಹೆ ಕೊಟ್ಟ ರಾಯರು ಹೆಂಡತಿಯ ಹತ್ತಿರ ಮೆಲ್ಲಗೆ, ಒಂದು ಸಹಿ ತಾನೇ, ಹಾಕಿ ಮುಗಿಸಬಾರದೇನು, ಎಂದು ಕೇಳಿದರು. ಗಂಗಾಬಾಯಿಯವರು ಡಾಂಬರಿನವರಿಗೆ ಕಾಫಿಗೆ ಹಾಲು ಇಡುತ್ತಿದ್ದವರು ಬಾಗಿಲಿಗೆ ಬಂದು, ದನಿ ತಗ್ಗಿಸಿ ಹೇಳಿದರು:

"ಹಾಕಿದ ಮರುದಿನ ನಮ್ಮನ್ನ ಯಾರು ಮಾತಾಡಸ್ತಾರ್ರೀ?"